ರಂಗೋಲಿಯೊಳಗಿನ ಅತ್ತೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಎದ್ದು, ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಬಟ್ಟಲು ಹಿಡಿದು ಕುಳಿತೆ. ರಂಗೋಲಿ ನನಗೆ ಒಲಿದ ವಿದ್ಯೆಯಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಲೇಸು ಹೆಣೆಯುವುದನ್ನೂ, ಇಂಗ್ಲಿಷಿನಲ್ಲಿ ಪ್ರಾರ್ಥನೆ ಹಾಡುವುದನ್ನೂ, ಮನುಷ್ಯನ ದೇಹದೊಳಗೆ ಏನೇನಿದೆ ಎಂಬುದನ್ನೂ ಕಲಿಸಿದ್ದರು. ಈ ಮೂರರಲ್ಲಿ ಒಂದೂ ಜೋಳದ ರೊಟ್ಟಿ ಬಡಿಯಲು ಉಪಯೋಗಕ್ಕೆ ಬರುವುದಿಲ್ಲವೆಂದು ತಿಳಿದದ್ದು ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ. ದೇಹದ ಪಾಠವಾದರೂ ಪೂರ್ತಿಯಾಗಿತ್ತೇ? ಗೋಡೆಯ ಮೇಲಿನ ಪಟದಲ್ಲಿ ಚರ್ಮ ಸುಲಿದ ಮನುಷ್ಯನೊಬ್ಬ ನಿಂತಿದ್ದ. ಸೊಂಟದಿಂದ ಕೆಳಗೆ ಸಿಸ್ಟರು ಕಂದು ಕಾಗದ ಅಂಟಿಸಿಬಿಟ್ಟಿದ್ದರು. ಹೀಗಾಗಿ ನನ್ನ ಶರೀರಶಾಸ್ತ್ರ ಇವತ್ತಿಗೂ ಸೊಂಟದ ಹತ್ತಿರ ಬಂದು ನಿಂತುಬಿಡುತ್ತದೆ.

ಆದರೆ ಆ ಬೆಳಿಗ್ಗೆ ಮನಸ್ಸೆಲ್ಲ ಅತ್ತೆಯ ಮೇಲಿತ್ತು. ಕೆಲವು ದಿನಗಳಿಂದ ಅವರಿಗೆ ಎದೆಯಲ್ಲಿ ಉರಿ. ರಂಗಂಪೇಟೆಯಲ್ಲಿದ್ದ ಅವರ ಅಕ್ಕ ಎದೆ ಹಿಡಿದುಕೊಂಡೇ ತೀರಿಕೊಂಡಿದ್ದರಿಂದ, ಅತ್ತೆ ತಮ್ಮ ಸರದಿಯೂ ಬಂತೆಂದು ಊಟ ಬಿಟ್ಟು, ಸಾಮಾನು ಹಂಚಲು ಶುರುಮಾಡಿದ್ದರು. ದೊಡ್ಡ ಇಳಕಲ್ ಸೀರೆ ನಾದಿನಿಗೆ ಹೋಯಿತು. ನನ್ನ ಪಾಲಿಗೆ ಬೀಸುಕಲ್ಲು ಬಂತು. ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರನ್ನು ಕರೆಸದೆ ಇದ್ದೆವೆಂದಲ್ಲ. ಅವರು ಬಂದು ಪಡಸಾಲೆಯಲ್ಲಿ ಕುಳಿತು, ಪರದೆಯ ಸಂದಿಯಿಂದ ಕೈ ಚಾಚಲು ಹೇಳಿದಾಗ ಅತ್ತೆ, "ಪರಗಂಡಸಿನ ಕೈಯಾಗ ನಾ ಕೈ ಕೊಡಾಕಿ ಅಲ್ಲ. ನೀನಽ ಕೊಡು. ಒಂದಽ ಮನಿ ಉಪ್ಪು ತಿಂತೀವಿ, ನಾಡಿ ಬ್ಯಾರೆ ಏನಿರ್ತದ?" ಎಂದು ನನ್ನ ಕೈಯನ್ನೇ ಹೊರಗೆ ತಳ್ಳಿದ್ದರು. ನಾಡಿ ಬಹಳ ಚೆನ್ನಾಗಿದೆ, ರಕ್ತ ಮಾತ್ರ ಸ್ವಲ್ಪ ಕಡಿಮೆ ಎಂದು ಡಾಕ್ಟರು ಒಂದು ಕಹಿ ಔಷಧ ಕೊಟ್ಟುಹೋದರು. ಅತ್ತೆ ನ್ಯಾಯಸ್ಥರು. "ನಾಡಿ ನಿಂದು, ಔಷಧಾನೂ ನಿಂದಽ" ಎಂದು ಶೀಶೆಯನ್ನು ನನ್ನ ಕೈಗಿಟ್ಟರು. ನಾನು ಕೆಂಪಗಾದೆ, ಅವರು ಒಣಗುತ್ತ ಹೋದರು.

ಈ ಹೊತ್ತು ಡಾಕ್ಟರು ಮತ್ತೆ ಬರುವವರಿದ್ದರು. ಇವತ್ತೂ ರೋಗ ತಿಳಿಯದಿದ್ದರೆ ಗತಿಯೇನು ಎಂದು ತಲೆಯೆತ್ತಿ ನೋಡಿದರೆ, ಎದುರಿಗೆ ಊರ ಗುಡ್ಡ, ಮನುಷ್ಯ ಅಂಗಾತ ಮಲಗಿದ ಹಾಗೆಯೇ. ಕಾನ್ವೆಂಟಿನ ಗೋಡೆಯ ಮೇಲಿನ ಪಟ ನೆನಪಾಯಿತು. ಬಟ್ಟಲು ಎತ್ತಿಕೊಂಡು ಸೀದಾ ಪಡಸಾಲೆಗೆ ನಡೆದೆ. ಸಾರಿಸಿದ ನೆಲದ ಮೇಲೆ ಒಬ್ಬ ಹೆಂಗಸನ್ನು ಬರೆದೆ. ತಲೆ, ಕೊರಳು, ಎರಡು ಪುಪ್ಪುಸ, ನಡುವೆ ಸ್ವಲ್ಪ ಎಡಕ್ಕೆ ವಾಲಿದ ಹೃದಯ, ಅನ್ನನಾಳ, ಜಠರ, ಪಕ್ಕದಲ್ಲಿ ಯಕೃತ್ತು, ಸುತ್ತಿ ಸುತ್ತಿ ಕರುಳು. ಸೊಂಟದಿಂದ ಕೆಳಗೆ ನನಗೆ ಗೊತ್ತಿಲ್ಲದ್ದರಿಂದ ನಿರಿಗೆ ಹಿಡಿದ ಸೀರೆ ಬರೆದು, ಅಂಚಿಗೆ ಅರಿಶಿನ ತುಂಬಿದೆ.

ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾರವ್ವಾ ಈಕಿ? ಎದಿಯಾಗ ಬದನಿಕಾಯಿ ಯಾಕ ಇಟ್ಕೊಂಡಾಳ?"

"ಬದನಿಕಾಯಿ ಅಲ್ರಿ, ಉಸಿರಿನ ಚೀಲ. ನಡುವ ಇದು ಹೃದಯ. ಬಾವಿ ನೀರೆತ್ತೂ ಕಪಲಿ ಇದ್ದಂಗ, ರಕ್ತ ಎತ್ತಿ ಎತ್ತಿ ಮೈಯೆಲ್ಲಾ ಹಾಯಿಸ್ತದ."

"ಎತ್ತು ಎಲ್ಲಿ ಅದಾವ?"

"ಎತ್ತಿಲ್ದಽ ನಡೀತದ್ರಿ."

"ಮತ್ತ ಈ ಸುರುಳಿ? ಇಷ್ಟ್ ಉದ್ದ ಕರುಳಾ! ಅದಕ್ಕಽ ನಿಮ್ಮ ಮಾವಗ ಎಷ್ಟ್ ರೊಟ್ಟಿ ಹಾಕಿದ್ರೂ ಸಾಲಂಗಿಲ್ಲ."

ಕಟ್ಟೆಯ ಮೇಲೆ ಕುಳಿತಿದ್ದ ಮಾವ ಕೆಮ್ಮಿದರು. ನಾನು ಒಂದು ಹುಣಸೆ ಬೀಜ ಅತ್ತೆಯ ಕೈಗಿಟ್ಟು, "ನಿಮ್ಮ ಮೈ ಯಾರೂ ಮುಟ್ಟೂದು ಬ್ಯಾಡ. ಈಕಿ ಮೈಮ್ಯಾಲ ಇಡ್ರಿ, ಎಲ್ಲಿ ನೋಯ್ತದ?" ಎಂದೆ. ಅವರು ಬಗ್ಗಿದರು. ಬೀಜ ಹೃದಯದ ಮೇಲೆ ಬೀಳುತ್ತದೇನೋ ಎಂದು ನನ್ನ ಹೃದಯ ನಿಂತಂತಾಯಿತು. ಬೀಜ ಹೃದಯವನ್ನು ದಾಟಿ ಹೋಗಿ ಜಠರದ ಬಾಯಿಯ ಹತ್ತಿರ ಕೂತಿತು. "ಇಲ್ಲಿ ಹುಟ್ತದ. ಹಿಂಗ ಏರ್ತದ," ಎಂದು ಬೆರಳಿನಿಂದ ಅದನ್ನು ಅನ್ನನಾಳದ ಗುಂಟ ಕೊರಳಿನವರೆಗೆ ತಳ್ಳಿದರು. "ರೊಟ್ಟಿ, ಕೆಂಪು ಮೆಣಸಿನಕಾಯಿ ರಂಜಕ ಉಂಡು ಅಡ್ಡಾದ್ರ ಮುಗೀತು, ಬೆಂಕಿ."

"ಅತ್ತಿ, ಈ ಚೀಲದಾಗ ಅನ್ನ ಕರಗಸೂ ಹುಳಿ ಇರ್ತದ್ರಿ. ಬಾಯಿ ಸಡಿಲಾದ್ರ—"

"ಗಡಿಗಿ ಅಡ್ಡ ಮಲಗಿಸಿದ್ರ ಹುಳಿ ಚೆಲ್ಲಂಗಿಲ್ಲೇನು! ಇಷ್ಟಽನಾ? ಇದಕ್ಕಽ ನಾ ಇಳಕಲ್ ಸೀರಿ ಕೊಟ್ಟು ಕುಂತೆ?"

ಡಾಕ್ಟರು ಬಂದರು. ಕುರ್ಚಿಯಲ್ಲಿ ಕೂರಲು ಹೋದವರು ನೆಲ ನೋಡಿ, ಬೂಟು ಕಳಚಿ, ಶೇರವಾನಿ ಮೇಲೆತ್ತಿ ರಂಗೋಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೇಬಿಟ್ಟರು. ನಾನು ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲಲ್ಲೇ ನಿಂತು, ಬೀಜ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ಇಂಗ್ಲಿಷಿನಲ್ಲಿ ಹೇಳಿದೆ. ಊಟ, ಖಾರ, ನಿದ್ದೆ ಎಂದು ಅವರು ಕೇಳಿದ್ದಕ್ಕೆಲ್ಲ ಒಳಗಿನಿಂದ ಅತ್ತೆ ಕೂಗಿ ಕೂಗಿ ಉತ್ತರ ಕೊಟ್ಟರು. ಈ ಸಲ ಪರದೆಯಿಂದಾಚೆ ಬಂದ ಕೈಯೂ ಅವರದ್ದೇ. "ಕೈ ಅಷ್ಟಽ ಮತ್ತ!" ಎಂಬ ಎಚ್ಚರಿಕೆಯ ಜೊತೆಗೆ. ಡಾಕ್ಟರು ನಾಡಿ ನೋಡಿ, "ಎದೆ ಗಟ್ಟಿಯಾಗಿದೆ. ಇದು ಹೊಟ್ಟೆಯ ಹುಳಿ. ರಂಜಕ ಬಿಡಿ, ಉಂಡ ಕೂಡಲೇ ಮಲಗಬೇಡಿ" ಎಂದು ಉರ್ದುವಿನಲ್ಲಿ ಹೇಳಿ ಬಿಳಿ ಪುಡಿಯ ಪೊಟ್ಟಣ ಕೊಟ್ಟರು. ಹೊರಡುವಾಗ ಮತ್ತೊಮ್ಮೆ ನೆಲ ನೋಡಿ, "ಬಹುತ್ ಖೂಬ್" ಎಂದರು. ನನ್ನ ಯಜಮಾನರು ತಾವೇ ಬರೆದವರ ಹಾಗೆ ಸಲಾಮು ಮಾಡಿದರು.

ಆಮೇಲೆ ನಡೆದದ್ದು ನನ್ನ ದಿಗ್ವಿಜಯ. ಮಧ್ಯಾಹ್ನ ಅತ್ತೆ ಮಜ್ಜಿಗೆ ಅನ್ನ ಉಂಡರು. ಉಂಡು ನೆಟ್ಟಗೆ ಕುಳಿತರು. ರಂಗೋಲಿ ಅಳಿಸಬಾರದೆಂದು ಅಪ್ಪಣೆಯಾಯಿತು. ಓಣಿಯ ಹೆಂಗಸರೆಲ್ಲ ಬಂದು ಒಂದೊಂದು ಹುಣಸೆ ಬೀಜ ಇಟ್ಟು ನೋಡಿದರು. ಅತ್ತೆ ಕೈಯಲ್ಲಿ ಲಟ್ಟಣಿಗೆ ಹಿಡಿದು, "ಇದು ಕಪಲಿ, ಇದು ಹುಳಿ ಗಡಿಗಿ" ಎಂದು ಪಾಠ ಹೇಳಿದರು. ಯಾರದೋ ಮೊಣಕಾಲಿನ ನೋವು ಸೀರೆಯ ನಿರಿಗೆಯಲ್ಲಿ ಸಿಕ್ಕಿಕೊಂಡಾಗ ಮಾತ್ರ, "ಅಲ್ಲಿಂದ ಕೆಳಗ ನಮ್ಮ ಸೊಸಿ ಇನ್ನಾ ಓದಿಲ್ಲ" ಎಂದು ನನ್ನ ಮಾನ ಕಾಪಾಡಿದರು. ನಾನು ಬಾಗಿಲಿಗೊರಗಿ, ಸಿಸ್ಟರುಗಳು ಇದನ್ನು ನೋಡಬೇಕಿತ್ತು ಎಂದುಕೊಳ್ಳುತ್ತ, ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದೆ.

ಸಂಜೆ ಪಕ್ಕದ ಮನೆಯ ನೀಲಮ್ಮಕ್ಕ ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದರು. ರಂಗೋಲಿಯ ಸುತ್ತ ಒಂದು ಸುತ್ತು ಹಾಕಿದರು. ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸಲು ನಾನು ತಲೆ ತಗ್ಗಿಸಿ ನಿಂತೆ. ಅವರು ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಮಾವನವರ ಕಡೆಗೊಮ್ಮೆ ನೋಡಿ, ಬಟ್ಟಲನ್ನು ನನ್ನ ಮುಂದೆ ಚಾಚಿ ಅಂದರು:

"ಒಳಗಿಂದೆಲ್ಲಾ ಚಂದ ಬರದೀ ತಂಗಿ, ಖರೆ. ಆದ್ರ ಹಣಿಗೆ ಕುಂಕುಮ ಯಾಕ ಇಟ್ಟಿಲ್ಲ? ನಿಮ್ಮ ಮಾವ ಅಲ್ಲೇ ಆರಾಮ ಕುಂತಾರಲ್ಲ!"