ಅತ್ತೆಯ ವಿಮೆಗೊಂದು ಹಿಡಿ ಕೊಸರು

ನಮ್ಮ ಸೋದರತ್ತೆಗೆ ಸ್ವರ್ಗದ ಬಾಗಿಲನ್ನೇ ತೆರೆದುಕೊಟ್ಟರೂ ಆಕೆ ತಕ್ಷಣ ಒಳಗೆ ಹೋಗುವವಳಲ್ಲ. "ಅದ್ಸರಿ, ಕೊಸರು ಏನು ಹಾಕ್ತೀರಾ?" ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ! ಗಾಂಧಿ ಬಜಾರಿನಲ್ಲಿ ಜೀವಮಾನವಿಡೀ ತರಕಾರಿ ಮಾರಿದವಳು. ತೂಕ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಪುಕ್ಕಟೆಯಾಗಿ ಬೀಳುವ ಒಂದು ಹಿಡಿ ಕರಿಬೇವು, ಒಂದಷ್ಟು ಹಸಿಮೆಣಸಿನಕಾಯಿ, ಆ ಕೊಸರಿಲ್ಲದೆ ಯಾವ ವ್ಯಾಪಾರವೂ ಮುಗಿಯುವುದಿಲ್ಲ ಎಂಬುದು ಆಕೆಯ ಧರ್ಮ. ಚಿನ್ನದಂಗಡಿಯಲ್ಲೂ ಕೇಳಿದ್ದಾಳೆ. ಹಲ್ಲು ಕಿತ್ತ ಡಾಕ್ಟರನ್ನೂ ಕೇಳಿದ್ದಾಳೆ. ಆತ ಗಾಬರಿಯಾಗಿ ಪಕ್ಕದ ಹಲ್ಲನ್ನು ಅಲುಗಾಡಿಸಿ ನೋಡಿದನಂತೆ!

ಇಂಥವಳು ಕಳೆದ ತಿಂಗಳು ಸಕ್ಕರೆ ಕಾಯಿಲೆ ಏರುಪೇರಾಗಿ, ಅಂಗಡಿಯಲ್ಲೇ ತಲೆಸುತ್ತಿ ಟೊಮೆಟೊ ರಾಶಿಯ ಮೇಲೆ ಒರಗಿದಳು. ಟೊಮೆಟೊಗಳನ್ನು ಬಿಟ್ಟರೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಾನು? ಸೀನು ಬಂದರೆ ಐಸಿಯು ಕಾಣುವ ಆಸಾಮಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಆಕೆಯೇ. 'ಅತ್ತೆಗೇನಾದರೂ ಆದರೆ' ಎಂಬ ವಾಕ್ಯವನ್ನು ನಾನು ಇದುವರೆಗೆ ಒಂದು ಸಲವೂ ಪೂರ್ತಿ ಮಾಡಿದ್ದಿಲ್ಲ. ಆರೋಗ್ಯ ವಿಮೆ ಮಾಡಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

"ಏಜೆಂಟ್‌ಗೆ ಸಂಜೆ ಬರೋಕೆ ಹೇಳು," ಎಂದಳು.

"ಯಾಕತ್ತೆ?"

"ಅಂಗಡಿ ಮುಚ್ಚೋ ಹೊತ್ತಿಗೆ ರೇಟ್ ಇಳಿಯತ್ತೆ ಕಣೋ, ಪೆದ್ದ!"

ಏಜೆಂಟರು ಚಾಮರಾಜಪೇಟೆಯ ನಮ್ಮ ಮನೆಗೆ ಸಂಜೆಯೇ ಬಂದರು. ರೇಟ್ ಇಳಿಯಲಿಲ್ಲ! ಬದಲಿಗೆ, ವರ್ಷಾ ವರ್ಷಾ ಕಟ್ಟುವ ಪ್ರೀಮಿಯಂ ವಯಸ್ಸಾದಷ್ಟೂ ಏರುತ್ತದೆ ಎಂದರು.

"ಬಾಡಿದ ಸೊಪ್ಪಿಗೆ ಜಾಸ್ತಿ ರೇಟಾ? ಇದ್ಯಾವ ಮಾರ್ಕೆಟ್ಟಪ್ಪಾ!"

"ಕೋ-ಪೇ ಅಂತ ಒಂದಿದೆ ಅಮ್ಮಾ. ಆಸ್ಪತ್ರೆ ಬಿಲ್ಲಲ್ಲಿ ಒಂದು ಪಾಲು ನೀವು ಕೊಡ್ತೀನಿ ಅಂತ ಒಪ್ಪಿದ್ರೆ ಪ್ರೀಮಿಯಂ ಸ್ವಲ್ಪ ಕಮ್ಮಿ ಆಗತ್ತೆ."

"ಬಿಲ್ಲಲ್ಲಿ ಪಾಲು ಕೊಡ್ತೀನಿ ಗುರುವೇ. ನರಳೋದ್ರಲ್ಲಿ ನಿಮ್ಮ ಕಂಪ್ನಿ ಎಷ್ಟು ಪಾಲು ತಗೊಳತ್ತೆ?"

ಏಜೆಂಟರು ನೀರು ಕೇಳಿದರು. ಕುಡಿದು, ಆಸ್ಪತ್ರೆಯ ರೂಮಿನ ಬಾಡಿಗೆಗೂ ಒಂದು ಮಿತಿ ಇರುತ್ತದೆ ಎಂದು ಮೆಲ್ಲಗೆ ತಿಳಿಸಿದರು.

"ಚಿಕ್ಕ ರೂಮೇ ಸಾಕು ಬಿಡಿ. ನಾನೇನು ಅಲ್ಲಿ ಮದುವೆ ಮಾಡ್ತೀನಾ?"

"ಮೊದಲಿಂದ ಏನಾದ್ರೂ ಕಾಯಿಲೆ?"

ಮುಗಿಯಿತು! ಸಕ್ಕರೆ, ಮಂಡಿನೋವು, ಮಲಬದ್ಧತೆ, ಚಿಕ್ಕಂದಿನಲ್ಲಿ ಹಲಸಿನಹಣ್ಣು ತಿಂದು ಹಿಡಿದ ಭೇದಿ... ನಾನು ಕಣ್ಸನ್ನೆ ಮಾಡಿ ಮಾಡಿ ಸೋತೆ.

"ಹಲಸಿನಹಣ್ಣೆಲ್ಲ ಬೇಡಮ್ಮಾ."

"ಹುಳುಕನ್ನ ಮೊದ್ಲೇ ತೋರಿಸ್ಬೇಕಪ್ಪ. ಮನೆಗೆ ಹೋಗಿ ಹೆಚ್ಚಿದ್ಮೇಲೆ ಜಗಳ ಬೇಡ."

ಏಜೆಂಟರು ಆಗ ನಕ್ಕರು. ಕಾಯಿಲೆ ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕರಿಸಿಬಿಡುತ್ತಾರಂತೆ. ನನ್ನ ಕಣ್ಣುಗಳು ತೆಪ್ಪಗಾದವು.

ಆದರೆ ಸಿಡಿಲು ಇನ್ನೂ ಬಾಕಿಯಿತ್ತು. "ಬೇರೆ ಕಾಯಿಲೆಗಳಿಗೆ ತೊಂದರೆ ಇಲ್ಲ ಸಾರ್. ಸಕ್ಕರೆಗೆ ಮಾತ್ರ ವೇಟಿಂಗ್ ಪೀರಿಯಡ್ ಇದೆ. ಅದರಿಂದಾಗೋ ಖರ್ಚು ಕೊಡೋದು ಮೂರು ವರ್ಷ ಆದ್ಮೇಲೇನೇ."

ನಾನು ಎದ್ದೇ ನಿಂತೆ. "ಮೂರು ವರ್ಷಾನಾ? ಅಷ್ಟರಲ್ಲಿ ಅತ್ತೆಗೇನಾದ್ರೂ..." ವಾಕ್ಯ ಎಂದಿನಂತೆ ಅರ್ಧಕ್ಕೇ ನಿಂತಿತು.

ಅತ್ತೆಯ ಮುಖ ಮಾತ್ರ ಅರಳಿಹೋಯಿತು! "ಏನಂದ್ರಿ? ಮೂರು ವರ್ಷ ಬಿಟ್ಟು ಬಾ ಅಂತಾರಾ? ಅಂದ್ರೆ ನಾನು ಇರ್ತೀನಿ ಅಂತ ಕಂಪ್ನಿಯವ್ರಿಗೆ ನಂಬಿಕೆ ಇದೆ! ನೋಡೋ, ನನ್ನ ಮುಖಾನೇ ನೋಡದವ್ರಿಗೆ ಇರೋ ನಂಬಿಕೆ ನಿನಗಿಲ್ಲ. ಎಲ್ಲಪ್ಪ ಸೈನ್ ಮಾಡ್ಬೇಕು?"

ಸಹಿ ಬಿತ್ತು. ಏಜೆಂಟರು ಎದ್ದು, ಚಪ್ಪಲಿ ಮೆಟ್ಟಿ, ಗೇಟೂ ದಾಟಿದರು. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ನನಗೋ ಹೊಸ ದಿಗಿಲು: ಮೈ ನಿಜಕ್ಕೂ ಹುಷಾರಿಲ್ಲವೇ?

"ಅತ್ತೆ, ಕೊಸರು ಕೇಳ್ಲೇ ಇಲ್ವಲ್ಲ!"

ಆಕೆ ಹತ್ತಿರ ಬಂದು, ಕೊತ್ತಂಬರಿ ಸೊಪ್ಪಿನ ವಾಸನೆ ಹೊಡೆಯುವ ಕೈಯಿಂದ ನನ್ನ ಕೆನ್ನೆ ಸವರಿದಳು.

"ಮೂರು ವರ್ಷ ತೂಕಕ್ಕೆ ಸರಿಹೋಯ್ತು ಕಣೋ. ಅದರ ಮೇಲೆ ಎಷ್ಟು ವರ್ಷ ಇದ್ರೂ ಕೊಸರೇ. ಅದೆಲ್ಲಾ ನಿನ್ನ ಚೀಲಕ್ಕೆ."