ಮೈಲುತುತ್ತ ಹುರಿದ ಸಾವ್ಕಾರರು

ಪದವಿಯನ್ನು ಹಳಿಯುವವರು ಎಲ್ಲ ಊರಿನಲ್ಲೂ ಇದ್ದಾರೆ. ತಾವೇ ಒಲೆ ಹೊತ್ತಿಸಿ ಅದರ ಬೆಲೆಯನ್ನು ಸಾಬೀತುಪಡಿಸುವ ಔದಾರ್ಯ ಮಾತ್ರ ಬಾಳೆಲೆ ಊರಿನ ನಮ್ಮ ಕಾಫಿ ತೋಟದ ಸಾವ್ಕಾರರದು.

೧. ತಕ್ಕಡಿಯಿಲ್ಲದ ತೂಕ

ನಾನು ಕೆಲಸ ಕೇಳಲು ಹೋದಾಗ ವಿಚಾರಿಸಿದರು: "ಎಂ.ಎಸ್ಸಿ.ಯಲ್ಲಿ ಎಂತ ಕಲಿತೆ ಮಾರಾಯ?"

"ರಸಾಯನಶಾಸ್ತ್ರ. ಯಾವುದೇ ಸಂಯುಕ್ತದ ಸಾಪೇಕ್ಷ ಸೂತ್ರರಾಶಿ, ಅಂದರೆ ಒಂದು ಬಗೆಯ ತೂಕ, ಹೇಳಬಲ್ಲೆ. ಸೂತ್ರದಲ್ಲಿರುವ ಪರಮಾಣುಗಳ ರಾಶಿಗಳನ್ನು ಕೂಡಿದರಾಯಿತು."

"ತಕ್ಕಡಿಗೆ ಹಾಕುವುದಿಲ್ವಾ?"

"ಇಲ್ಲ."

"ಹಾಗೆ ತೂಕ ಹೇಳುವವರನ್ನು ಗೋಣಿಕೊಪ್ಪಲಿನ ಸಂತೆಯಿಂದ ಓಡಿಸುತ್ತಾರೆ!" ಎಂದು ನಕ್ಕು, ಗೊಬ್ಬರ, ಔಷಧಿಗಳ ಸ್ಟೋರಿನ ಬೀಗದ ಕೈಯನ್ನು ನನಗೆ ಕೊಟ್ಟರು.

೨. ಬೀಜದೊಳಗಿನ ನೀರು

ಗೋಣಿಕೊಪ್ಪಲಿನ ವ್ಯಾಪಾರಿ ನಮ್ಮ ಕಾಫಿಯಲ್ಲಿ ತೇವಾಂಶ ಹೆಚ್ಚೆಂದು ತೂಕ ಕಡಿತ ಮಾಡಿದ. ಸಾವ್ಕಾರರು ಮೇಜು ಗುದ್ದಿದರು: "ನೀರಿಗೆ ತೂಕ ಇಲ್ವಾ? ಬೀಜದೊಳಗೆ ಕೂತ ನೀರೂ ನನ್ನದೇ!"

ವ್ಯಾಪಾರಿ ಕೈಮುಗಿದ: "ಹಾಗಾದರೆ ಬೀಜ ನನಗೆ ಕೊಡಿ, ನೀರನ್ನು ನೀವೇ ಇಟ್ಟುಕೊಳ್ಳಿ."

೩. ಒಲೆ ಮಾಡಿದ ಕಳ್ಳತನ

ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಸಿಂಪಡಿಸಲು ಎರಡೂವರೆ ಕಿಲೋ ಮೈಲುತುತ್ತವನ್ನು ಸಾವ್ಕಾರರ ಎದುರಿಗೇ ತೂಗಿ ಕೊಟ್ಟೆ. ನೀಲಿ ಹರಳುಗಳನ್ನು ಮುಟ್ಟಿ, "ಥಂಡಿ ಹಿಡಿದಿದೆ" ಎಂದು ತೀರ್ಮಾನಿಸಿದರು. ಮನೆಗೆ ಒಯ್ದು, ಕಾಫಿ ಬೀಜ ಹುರಿದಂತೆ, ಹಳೆಯ ಮಣ್ಣಿನ ಓಡಿನಲ್ಲಿ ಬಿಳಿಯಾಗುವ ತನಕ ಹುರಿದರು.

ಮರುದಿನ ಆ ಬಿಳಿ ಪುಡಿಯನ್ನು ತಂದು ತೂಗಿಸಿ, ಕೆಲಸದವರೆಲ್ಲರ ಮುಂದೆ ಗುಡುಗಿದರು: "ಒಂದು ಕಿಲೋ ಆರುನೂರು ಗ್ರಾಂ! ಉಳಿದದ್ದೆಲ್ಲಿ? ಬಣ್ಣ ಬಳಿದ ಸುಣ್ಣ ಕೊಟ್ಟಿದ್ದೀಯ. ಬೀಗದ ಕೈ ಇಟ್ಟು ನಡೆ, ಕಳ್ಳ!"

ನಾನು ಬೀಗದ ಕೈ ಇಡಲಿಲ್ಲ. ಲೆಕ್ಕ ಇಟ್ಟೆ.

"ಮೈಲುತುತ್ತವೆಂದರೆ ನೀರು ಹಿಡಿದ ತಾಮ್ರದ ಸಲ್ಫೇಟ್. ಬರಿಯ ತಾಮ್ರದ ಸಲ್ಫೇಟಿನ ಸೂತ್ರರಾಶಿ ನೂರ ಐವತ್ತೊಂಬತ್ತೂವರೆ. ಹರಳಿನಲ್ಲಿ ಅದರೊಂದಿಗೆ ಐದು ನೀರಿನ ಅಣುಗಳು, ತಲಾ ಹದಿನೆಂಟರಂತೆ ತೊಂಬತ್ತು. ಒಟ್ಟು ಇನ್ನೂರ ನಲವತ್ತೊಂಬತ್ತೂವರೆ. ಎರಡೂವರೆ ಕಿಲೋದಲ್ಲಿ ಒಂಬೈನೂರು ಗ್ರಾಂ ನೀರು. ಅದನ್ನು ಆವಿ ಮಾಡಿದವರು ನೀವು."

"ಒಣ ಹರಳಿನಲ್ಲಿ ನೀರಾ? ಸುಳ್ಳು!"

ಬಿಳಿ ಪುಡಿಯ ಮೇಲೆ ನೀರು ಚಿಮುಕಿಸಿದೆ. ಕ್ಷಣದಲ್ಲಿ ನೀಲಿ.

"ಸಾವ್ಕಾರ್ರೇ, ಕಳ್ಳ ವಾಪಸ್ ಬಂದ!" ಎಂದಳು ಕಾಫಿ ಕೊಯ್ಯುವ ಅಜ್ಜಿ.

ಸಾವ್ಕಾರರು ಗೊಣಗಿದರು: "ಬರೀ ನೀರಿಗೆ ಇಷ್ಟು ಗಲಾಟೆಯಾ ಮಾರಾಯ?"

"ಒಳಗೆ ಕೂತ ನೀರೂ ನಿಮ್ಮದೇ ಅಲ್ಲವೇ, ಸಾವ್ಕಾರ್ರೇ?"

ಅವರು ಕ್ಷಮೆ ಕೇಳಲಿಲ್ಲ. ಆದರೆ ಮುಂದಿನ ಕೊಯ್ಲಿನ ಕಾಫಿ ಮಾರಲು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಅದೇ ವ್ಯಾಪಾರಿಗೆ ಎದೆಯುಬ್ಬಿಸಿ ಹೇಳಿದರು:

"ನಿನ್ನ ತಕ್ಕಡಿ ಆಚೆ ಇಡು. ನಮ್ಮ ಹುಡುಗ ಲೆಕ್ಕ ಕೂಡಿಯೇ ತೂಕ ಹೇಳುತ್ತಾನೆ, ನೀರು ಸೇರಿಸಿ!"