ಇಲಿಯ ಪ್ರಾಣಪ್ರತಿಷ್ಠೆ

ಬೇಗಂ ಬಜಾರಿಗೆ ಹುಣಸೆಹಣ್ಣು ತರಲು ಹೋದ ಪರಮೇಶ ಇಲಿ ಹಿಡಿದುಕೊಂಡು ಮನೆಗೆ ಬಂದ.

"ಹುಣಸಿಹಣ್ಣ ಎಲ್ಲೈತ್ರಿ?" ಹೆಂಡತಿ ಗುರುದೇವಿ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಹುಡುಕಿದಳು.

"ಹುಣಸಿಹಣ್ಣ ನಾಳೆನೂ ಸಿಗತೈತಿ. ಮೊದಲ ಇದನ್ನ ನೋಡು. ವೈರ್‌ಲೆಸ್ ಮೌಸ್! ಬಾಲ ಇಲ್ಲದ ಇಲಿ!"

"ಬಾಲ ಇದ್ದದ್ದು ಸಿಂಕಿನ ಕೆಳಗ ಒಂದು ಐತಿ. ಸಾಲಲಿಲ್ಲೇನು?"

ಹಾಗೆ ಅಂದಳಾದರೂ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಇಲಿ ಬಂದದ್ದು ಅವಳಿಗಾಗಿಯೇ.

ಗುರುದೇವಿ ಧಾರವಾಡದ ಕಡೆಯವಳು, ಕಸೂತಿಯಲ್ಲಿ ಪಳಗಿದ ಕೈ. ಮಗಳು ಚಿತ್ರಾ ಒಂದು ತಿಂಗಳ ಹಿಂದೆ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ತೆಗೆದು, "ಅವ್ವಾ, ಈ ಚೌಕಗಳಿಗೆ ಬಣ್ಣ ತುಂಬಿಕೋತ ಹೋಗು, ಕಸೂತಿ ನಮೂನಿ ಆಗತೈತಿ" ಎಂದು ತೋರಿಸಿಕೊಟ್ಟಿದ್ದಳು. ನೀರಾವರಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಪರಮೇಶ ಯಾವ ಹಾಳೆಯಲ್ಲಿ ಕಾಲುವೆಗಳ ಉದ್ದಗಲ ತುಂಬಿ ನಿವೃತ್ತನಾಗಿದ್ದನೋ, ಅಂಥದೇ ಹಾಳೆಯಲ್ಲಿ ಈಗ ಗೋಪುರ, ನವಿಲು, ತುಳಸಿಕಟ್ಟೆಗಳು ಎದ್ದು ನಿಂತವು. ಸುದ್ದಿ ಅಪಾರ್ಟ್‌ಮೆಂಟಿನ ತುಂಬ ಹಬ್ಬಿ, ಹದಿನಾಲ್ಕು ಮಂದಿ ಹೆಂಗಸರು "ಆಂಟೀ, ನಮಗೂ ಕಲಿಸಿ" ಎಂದು ದುಂಬಾಲು ಬಿದ್ದು, ಇವತ್ತು ಸಂಜೆ ಐದಕ್ಕೆ ಆನ್‌ಲೈನಿನಲ್ಲಿ ಮೊದಲ ಪಾಠ. ಐವತ್ತೆಂಟು ವರ್ಷದಲ್ಲಿ ಗುರುದೇವಿಯ ಹೆಸರಿನ ಹಿಂದೆ "ಟೀಚರ್" ಅಂತ ಯಾರೋ ಹಚ್ಚಿದ್ದು ಇದೇ ಮೊದಲು.

ತೊಡಕು ಒಂದೇ. ಲ್ಯಾಪ್‌ಟಾಪಿನ ಟಚ್‌ಪ್ಯಾಡು ಅವಳ ಬೆರಳನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ನಾಲ್ಕು ಸಲ ಉಜ್ಜಿದರೆ ಪರದೆಯ ಮೇಲಿನ ಬಾಣ ಒಂದು ಸಲ ಅಲುಗುತ್ತಿತ್ತು, ಅಲುಗಿದರೆ ನವಿಲಿನ ಕಣ್ಣಿನ ಬಣ್ಣ ಬಾಲಕ್ಕೆ ಬೀಳುತ್ತಿತ್ತು. ಪರಮೇಶ ಬೆರಳ ತುದಿ ಸೋಕಿಸಿದರೆ ಮಾತ್ರ ಅದೇ ಬಾಣ ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡುತ್ತಿತ್ತು.

"ಯಂತ್ರಕ್ಕೂ ಮನುಷ್ಯಾರ ಗುರುತ ಹತ್ತತೈತಿ," ಎಂದು ಅವನು ತಿಂಗಳಿನಿಂದ ಹೇಳುತ್ತ ಬಂದಿದ್ದ. "ನಾಜೂಕ ಬೇಕು. ನೀ ರೊಟ್ಟಿ ಬಡದಂಗ ಬಡದ್ರ ಅದು ಹೆದರಿಕೊಳ್ಳದ ಏನ ಮಾಡೀತು?"

ಹಾಗಂತ ಅವನ ಕರುಳೇನು ಕಲ್ಲಲ್ಲ. ಅವಳು ಹಾಳೆಯ ಮುಂದೆ ಕೂತು ನವಿಲಿನ ಬಾಲ ಅಳಿಸುವುದನ್ನು ನೋಡಲಾರದೆಯೇ ಹುಣಸೆಹಣ್ಣಿನ ಅಂಗಡಿ ದಾಟಿ ಇಲಿಯ ಅಂಗಡಿಗೆ ಹೋಗಿದ್ದ. ಚುಚ್ಚುವುದು, ಓಡಿಸುವುದು, ಅಷ್ಟೇ ಎಂದು ಅಂಗಡಿಯವನು ಎರಡೇ ಮಾತಿನಲ್ಲಿ ವಿಧಿ ಹೇಳಿಕೊಟ್ಟಿದ್ದ: "ಲಗಾನಾ, ಚಲಾನಾ. ಬಸ್, ಸಾಬ್!"

"ಇನ್‌ಸ್ಟಾಲ್ ಅಂದ್ರ ಏನಂತ ತಿಳದಿ? ಪ್ರತಿಷ್ಠಾಪನಾ!" ಪರಮೇಶ ಕನ್ನಡಕ ಏರಿಸಿ, ಡಬ್ಬಿಯೊಳಗಿನ ಚೀಟಿ ಬಿಡಿಸಿದ. ಹನ್ನೊಂದು ಭಾಷೆಗಳಿದ್ದವು, ಕನ್ನಡವೊಂದಿರಲಿಲ್ಲ. ಚಿತ್ರದಲ್ಲಿ ಲ್ಯಾಪ್‌ಟಾಪಿನ ಪಕ್ಕೆಗೆ ಏನೋ ಸಣ್ಣದೊಂದನ್ನು ಚುಚ್ಚುವುದು ಕಾಣುತ್ತಿತ್ತು. ಡಬ್ಬಿ ಅಲ್ಲಾಡಿಸಿದ, ಬೋರಲು ಹಾಕಿದ, ಏನೂ ಬೀಳಲಿಲ್ಲ. ಮನೆಯ ನಾಲ್ಕೂ ಡ್ರಾಯರುಗಳನ್ನು ನೆಲಕ್ಕೆ ಸುರುವಿದ. (ತಿರುಗಿ ತುಂಬುವವರು ಯಾರು ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಹೊಳೆಯುವ ಅಭ್ಯಾಸವೂ ಇರಲಿಲ್ಲ.) ಕೊನೆಗೆ ಚಿತ್ರಾಳ ಡ್ರಾಯರಿನಲ್ಲಿ ಥೇಟು ಚಿತ್ರದಲ್ಲಿದ್ದಂಥದೇ ಒಂದು ಸಿಕ್ಕಿತು.

"ಇಲ್ಲೈತಿ ನೋಡು! ಎಲ್ಲಾ ಒಂದ ಜಾತಿ, ನಡೀತೈತಿ," ಎಂದು ಚುಚ್ಚಿಯೇಬಿಟ್ಟ.

ಇನ್ನು ಇಲಿಗೆ ಜೀವ ತುಂಬುವುದು. ಡಬ್ಬಿಯಲ್ಲಿ ಸೆಲ್ ಇರಲಿಲ್ಲ. ಟಿವಿ ರಿಮೋಟಿನದನ್ನು ತೆಗೆಯಬಹುದಿತ್ತು, ಆದರೆ ವಾರ್ತೆ ಪರಮೇಶನದು. ಅಡುಗೆಮನೆಯ ಗಡಿಯಾರ ಯಾರದೂ ಅಲ್ಲ. ಗುರುದೇವಿ ಬಟ್ಟೆ ಒಣಹಾಕಲು ಮಹಡಿಗೆ ಹೋದದ್ದು ನೋಡಿ, ಗಡಿಯಾರದ ಸೆಲ್ ಕಿತ್ತು ಇಲಿಯ ಹೊಟ್ಟೆಗೆ ಒತ್ತಿದ. ಆಗ ಒಂದೂ ನಲವತ್ತು.

ಲ್ಯಾಪ್‌ಟಾಪು ಟಿಣ್ ಎಂದಿತು. ಹೊಸ ಉಪಕರಣ ಸಿದ್ಧ ಎಂದೂ ಬರೆದು ತೋರಿಸಿತು. ಇಲಿ ಮಾತ್ರ ಅಲುಗಲಿಲ್ಲ. ಅಂದರೆ ಇಲಿ ಅಲುಗಿತು, ಬಾಣ ಅಲುಗಲಿಲ್ಲ.

ಹಳೆಯ ಸಹೋದ್ಯೋಗಿ ಅಮೃತಪ್ಪನಿಗೆ ಫೋನು ಹೋಯಿತು. ಅಮೃತಪ್ಪ ಎಲ್ಲ ರೋಗಕ್ಕೂ ಒಂದೇ ಮದ್ದು ಕೊಡುವವನು: "ಬಂದ್ ಮಾಡಿ ಚಾಲೂ ಮಾಡೋ." ಏಳು ಸಲ ಬಂದ್ ಮಾಡಿ ಚಾಲೂ ಮಾಡಿದ್ದಾಯಿತು. ಈ ಹೋರಾಟದಲ್ಲಿ ಪರಮೇಶ ಏಕಾಂಗಿ ವೀರ. (ಮೂರು ಸಲ ಟಾರ್ಚು ಹಿಡಿದದ್ದು, ಎರಡು ಸಲ ಚಹಾ ತಂದದ್ದು, ಮೇಜಿನ ಕೆಳಗೆ ಉರುಳಿದ ಇಲಿಯ ಮುಚ್ಚಳವನ್ನು ಮಂಡಿಯೂರಿ ಹೆಕ್ಕಿಕೊಟ್ಟದ್ದು ಗುರುದೇವಿ.)

"ಮೇಜಿನ ಗಾಜು ಭಾಳ ನುಣುಪಾತು. ನಿನ್ನ ರೊಟ್ಟಿ ಮಣಿ ತಾ!"

ಮಣೆಯೂ ಬಂತು, ಅದರ ಮೇಲಿನ ಜೋಳದ ಹಿಟ್ಟಿನ ಸಮೇತ. ಗುರುದೇವಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹಿಟ್ಟಿನ್ಯಾಗ ಓಡಾಡೋ ಇಲಿ ಕಂಡೀನಿ. ಹಿಟ್ಟ ಕೊಟ್ರೂ ಓಡದ್ದು ಇದ ಮೊದಲು."

"ನಗಬ್ಯಾಡ. ಇದಕ್ಕ ಡ್ರೈವರ್ ಬೇಕಂತ. ಡ್ರೈವರ್ ಸಿಗವಲ್ದು."

"ಇಲಿಗೆ ಡ್ರೈವರ್ ಗಣಪತಿ ಅಲ್ಲೇನ್ರಿ? ಅವನ್ನ ಕರೀರಿ."

ನಗಿಸಿದಳೇ ಹೊರತು, ತುಸು ಹೊತ್ತಾದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮೆಲ್ಲಗೆ ಹೇಳಿದಳು, "ಆಗದಿದ್ರ ಬಿಡ್ರಿ. ಇವತ್ತ ಪಾಠ ಬ್ಯಾಡಂತ ಅವರಿಗೆ ಫೋನ್ ಮಾಡಿಬಿಡತೀನಿ. ಅಷ್ಟ ಮಂದಿ ಮುಂದ ನವಿಲು ಕುಂಟಬಾರದು."

ಪರಮೇಶ ಇಲಿಯನ್ನು ಮತ್ತೆ ಮಣೆಯ ಮೇಲೆ ಎಳೆದುಕೊಂಡ. "ಫೋನ್ ಗೀನ್ ಮಾಡಿದ್ರ ನೋಡು! ಹೊತ್ತ ಐತಿ ಇನ್ನೂ."

ಹೊತ್ತು ಇದೆಯೇ ಎಂದು ಗುರುದೇವಿ ಅಡುಗೆಮನೆಗೆ ಹೋಗಿ ಗಡಿಯಾರ ನೋಡಿದಳು. ಒಂದೂ ನಲವತ್ತು. ಹಾಲಿಗೆ ಹೆಪ್ಪು ಹಾಕಿದಳು, ಸೊಪ್ಪು ಸೋಸಿದಳು, ಪಾತ್ರೆ ತೊಳೆದಳು. ಮತ್ತೆ ನೋಡಿದಳು. ಒಂದೂ ನಲವತ್ತು. 'ಇವತ್ತ ಕೈ ಭಾಳ ಚುರುಕೈತಿ' ಎಂದು ತನ್ನ ಮೇಲೆ ತನಗೇ ಹೆಮ್ಮೆ ಮೂಡುವಷ್ಟರಲ್ಲಿ ಕೆಳಗೆ ಶಾಲೆಯ ವ್ಯಾನು ಹಾರ್ನ್ ಹಾಕಿತು. ಅದು ದಿನಾಲು ನಾಲ್ಕೂವರೆಗೆ ಬರುವ ವ್ಯಾನು.

"ನನ್ನ ಗಡಿಯಾರದ ಸೆಲ್ ಯಾರ ತಗದಾರ?"

ಮನೆಯಲ್ಲಿ ಇದ್ದವರು ಇಬ್ಬರೇ. ಪರಮೇಶ ಇಲಿಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡ.

"ಇತ್ಲಾಗ ಕೊಡ್ರಿ. ಅದರ ಮ್ಯಾಲೆ ನನ್ನ ಹಾಲು, ಕುಕ್ಕರ್, ಚಿತ್ರಾನ ಬಸ್ಸು ಎಲ್ಲಾ ನಡೀತಾವ!" ಇಲಿಯನ್ನು ಕಸಿದು, ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಮುಚ್ಚಳ ಎಬ್ಬಿಸಿ, ಸೆಲ್ಲನ್ನು ಮೀಟಿದಳು. ಸೆಲ್ಲಿನ ಹಿಂದೆ ಇನ್ನೂ ಏನೋ ಸಿಕ್ಕಿಕೊಂಡಿತ್ತು. ತಟ್ಟಿದಳು. ಹುಣಸೆಬೀಜದಷ್ಟು ದೊಡ್ಡದೊಂದು ಕರಿ ವಸ್ತು ಅಂಗೈಗೆ ಬಿತ್ತು.

ಇಬ್ಬರೂ ಅದನ್ನು ನೋಡಿದರು. ಚೀಟಿಯ ಚಿತ್ರ ನೋಡಿದರು. ಲ್ಯಾಪ್‌ಟಾಪಿನ ಪಕ್ಕೆ ನೋಡಿದರು.

"ಹಂಗಾರ ನಾ ಚುಚ್ಚಿದ್ದು?"

"ಅದು ಚಿತ್ರಾನ ಕಾಲೇಜಿನ ಕಾಲದ ಇಲೀದು. ಸತ್ತು ನಾಕು ವರ್ಷಾತು. ನನ್ನ ಕೇಳಿದ್ರ ಹೇಳತಿದ್ದೆ."

ಸೆಲ್ ಮತ್ತೆ ಇಲಿಯ ಹೊಟ್ಟೆ ಸೇರಿತು. ಹುಣಸೆಬೀಜ ಲ್ಯಾಪ್‌ಟಾಪಿನ ಪಕ್ಕೆ ಸೇರಿತು. ಗುರುದೇವಿ ಇಲಿಯ ಬೆನ್ನ ಮೇಲೆ ಕೈಯಿಟ್ಟದ್ದೇ ತಡ, ಬಾಣ ಸರ್ರನೆ ಹೋಗಿ ನವಿಲಿನ ಕಣ್ಣಲ್ಲಿ ನಿಂತಿತು.

ಅಷ್ಟರಲ್ಲಿ ಚಿತ್ರಾಳ ಫೋನು. ಅವಳು ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿರುವವಳು, ಡ್ಯೂಟಿ ಮುಗಿಯುವತನಕ ಫೋನು ಮುಟ್ಟುವಂತಿಲ್ಲ. "ಅಪ್ಪಾ, ಹನ್ನೆರಡು ಮಿಸ್ ಕಾಲ್! ಏನಾತು?"

ಪರಮೇಶ ಎಲ್ಲವನ್ನೂ ಹೇಳಿ, ಕೊನೆಗೆ ತನ್ನ ಹಳೆಯ ಪಲ್ಲವಿ ಸೇರಿಸಿದ. "ಟಚ್‌ಪ್ಯಾಡ್ ನನ್ನ ಮಾತು ಕೇಳತೈತಿ ಬಿಡು. ನಿಮ್ಮವ್ವಗ ನಾಜೂಕ ಇಲ್ಲ."

"ನಾಜೂಕು ಅದಕ್ಕೇನ ಗೊತ್ತಪ್ಪಾ? ಅದಕ್ಕ ಮೆತ್ತನ್ನ ತೊಗಲು ಬೇಕು. ನಮ್ಮ ಗೇಟಿನ್ಯಾಗ ಹೆಬ್ಬೆಟ್ಟ ಒತ್ತೋ ಮಶೀನ್ ಐತಲ್ಲ, ನೆಲಾ ಒರಸೋ ಅಕ್ಕಾರು ನಾಕು ಸಲ ಒತ್ತಿದ್ರೂ ಅದು ಅವರು ಬಂದಾರಂತ ಒಪ್ಪೂದಿಲ್ಲ. ಅವ್ವ ದಿನಾ ಕಾದ ಹಂಚಿನ ಮ್ಯಾಲಿನ ರೊಟ್ಟಿ ಬೆರಳಲೇ ತಿರುವತಾಳ, ಬಾಂಡೆ ತಿಕ್ಕತಾಳ. ಅಕಿ ಬೆರಳು ಕಟಗಿ ಆಗ್ಯಾವ. ನಿನ್ನವು ಇನ್ನೂ ಕೂಸಿನ ಬೆರಳು."

"ನಾನೂ ಮೂವತ್ತಾರು ವರ್ಷ ದುಡದೀನಲೇ!"

"ದುಡದೀ ಅಪ್ಪಾ. ಸಹಿ ಮಾಡೀದಿ." ಚಿತ್ರಾ ನಕ್ಕಳು. "ಬಸ್ ಬಂತು, ಇಡತೀನಿ."

ಪರಮೇಶ ಫೋನು ಕೆಳಗಿಟ್ಟು ಹೆಂಡತಿಯ ಕೈ ಹಿಡಿದು ಬೆಳಕಿಗೆ ತಿರುಗಿಸಿದ. ಮದುವೆಯಾದ ಮೂವತ್ತೊಂದು ವರ್ಷದಿಂದ ಈ ಕೈ ಅವನಿಗೆ ಚಹಾ ಕೊಟ್ಟಿತ್ತು, ಟವೆಲು, ಗುಳಿಗೆ, ಟಾರ್ಚು ಕೊಟ್ಟಿತ್ತು. ಕೊಟ್ಟದ್ದನ್ನು ತೆಗೆದುಕೊಳ್ಳುವ ಅವಸರದಲ್ಲಿ ಕೈ ನೋಡುವುದು ಉಳಿದುಹೋಗಿತ್ತು. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ.

"ಸುಡತಾವೇನ?"

"ಈಗ ಬಿಸಿನ ಹತ್ತೂದಿಲ್ಲರಿ. ಅದೊಂದು ಅನುಕೂಲ." ಗುರುದೇವಿ ಕೈ ಬಿಡಿಸಿಕೊಳ್ಳಲಿಲ್ಲ. "ಐದಾಗಾಕ ಹತ್ತ ನಿಮಿಷ ಐತಿ," ಎಂದಳು.

"ನೀ ಪಾಠಕ್ಕ ಕೂಡು. ಇವತ್ತ ರೊಟ್ಟಿ ನಂದು!"

ಐದಕ್ಕೆ ಸರಿಯಾಗಿ ಪರದೆಯ ಮೇಲೆ ಹದಿನಾಲ್ಕು ಮುಖಗಳು ಮೂಡಿದವು. "ಆಂಟೀ, ಬಾಗಾ ಕನಿಪಿಸ್ತೋಂದಿ!" ಎಂದು, ಚೆನ್ನಾಗಿ ಕಾಣುತ್ತಿರುವ ಖುಷಿಗೆ ಮೂರನೇ ಮಹಡಿಯ ತೆಲುಗು ಹುಡುಗಿ ಚಪ್ಪಾಳೆ ತಟ್ಟಿದಳು. ನವಿಲು ಕುಂಟಲಿಲ್ಲ. ಗುರುದೇವಿಯ ದನಿ ಅಡುಗೆಮನೆಗೂ ಕೇಳುತ್ತಿತ್ತು. "ಕಸೂತಿಗೆ ಗಂಟು ಹಾಕಬಾರದು. ಮುಂದ ಹೆಂಗೋ ಹಿಂದನೂ ಹಂಗ ಕಾಣಬೇಕು."

ಪರಮೇಶ ತನ್ನ ರೊಟ್ಟಿಯನ್ನು ತಿರುವಿ ನೋಡಿದ. ಮುಂದೆ ಹಸಿ ಹಿಟ್ಟು, ಹಿಂದೆ ಇದ್ದಿಲು. ಎರಡನೆಯದನ್ನು ಹೆಂಡತಿಯ ಹಾಗೆಯೇ ಬೆರಳಿನಿಂದ ತಿರುವಲು ಹೋಗಿ, "ಅಯ್ಯಯ್ಯಪ್ಪೋ!" ಎಂದು ಕೂಗಿದ. ಲಟಪಟ ಎಂದು ಏನೋ ಬಿತ್ತು.

"ಅದೇನು ಸದ್ದು ಆಂಟೀ?"

"ಏನಿಲ್ಲವಾ. ಅಡಗಿಮನ್ಯಾಗ ಇಲಿ ಹೊಕ್ಕೈತಿ. ನೀವು ಬಣ್ಣ ತುಂಬ್ರಿ."

ಮರುದಿನ ಬೆಳಿಗ್ಗೆ ಪರಮೇಶ ಮೂರು ಬೆರಳಿಗೆ ಪಟ್ಟಿ ಸುತ್ತಿಕೊಂಡು ವಾರ್ತೆ ನೋಡಲು ರಿಮೋಟು ಒತ್ತಿದ. ಟಿವಿ ಮಿಸುಕಲಿಲ್ಲ. ಅಡುಗೆಮನೆಯ ಗಡಿಯಾರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ರಿಮೋಟಿನ ಸೆಲ್ ಎಲ್ಲಿ ಹೋಯಿತೆಂದು ಅರ್ಥವಾಯಿತು. ಪೇಪರಾದರೂ ಓದೋಣವೆಂದು ಲ್ಯಾಪ್‌ಟಾಪು ಎಳೆದುಕೊಂಡ. ಟಚ್‌ಪ್ಯಾಡು ಉಜ್ಜಿದ, ಒತ್ತಿದ, ಬಡಿದ.

"ಇದು ಕೆಟ್ಟೈತಿ!"

"ಕೆಟ್ಟಿಲ್ಲರಿ. ಅದಕ್ಕ ನಿಮ್ಮ ಗುರುತ ಹತ್ತವಲ್ದು." ಗುರುದೇವಿ ಇಲಿಯನ್ನು ಕಸೂತಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಕೈಚೀಲ ಅವನ ಮುಂದೆ ಹಿಡಿದಳು. "ಹುಣಸಿಹಣ್ಣು, ಸೆಲ್ಲು, ಅರ್ಧ ಕಿಲೋ ಶೇಂಗಾ, ಸುಟ್ಟದ್ದಕ್ಕ ಮುಲಾಮು. ಬರಕೊಳ್ರಿ."

"ಪಟ್ಟಿ ಕಟ್ಟೀನಿ, ಹೆಂಗ ಬರೀಲಿ?"

"ಹಂಗಾರ ನೆನಪಿಟ್ಟಕೊಳ್ರಿ. ನಾ ಮೂವತ್ತೊಂದು ವರ್ಷ ಇಟ್ಟಕೊಂಡಿಲ್ಲೇನು?"

ಪರಮೇಶ "ಹುಣಸಿಹಣ್ಣು, ಸೆಲ್ಲು, ಶೇಂಗಾ..." ಎಂದು ಜಪಿಸುತ್ತ ಮೆಟ್ಟಿಲಿಳಿಯುವಾಗ ಮೇಲಿನಿಂದ ಅವಳ ದನಿ ಬಂತು.

"ಏನ್ರೀ! ನಿನ್ನಿ ರೊಟ್ಟಿ ಚಲೋ ಆಗಿತ್ತು!"

ಅವನು ಎದೆಯುಬ್ಬಿಸಿ ತಲೆಯೆತ್ತಿದ. "ಖರೇನ?"

"ಒಂದ ಬದಿ!"